ಪ್ರಾಣಿಗಳ ದಾಳ ಹಾಕುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ತಡವಾಗಿ. ಅವರ ಮಗಳು ಫೋನ್ ಮಾಡಿದ್ದರು.

"ಅಪ್ಪನ ಚೀಲದಾಗ ನಿಮ್ಮ ಅಂಗಡಿ ಕಾರ್ಡ್ ಇತ್ರಿ. ಅದರ ಹಿಂದ ‘ಉಡಕ್ಕ ಇನ್ನೂ ನಿಯಮ ಆಗಿಲ್ಲ’ ಅಂತ ಬರದಾರ. ಏನರ ಗೊತ್ತೈತೇನ್ರಿ ನಿಮಗ?"

ಗೊತ್ತಿತ್ತು. ಅವರು ತೀರಿಕೊಳ್ಳುವ ಮುಂಚಿನ ಭಾನುವಾರವಷ್ಟೇ ನಾವೆಲ್ಲ ಕೂತು, ಕೋಟೆ ಗೋಡೆ ಹತ್ತುವ ಉಡಕ್ಕೆ ಹಗ್ಗ ಕಟ್ಟಿದರೆ ಎಷ್ಟು ಜನರ ಭಾರ ತಡೆಯುತ್ತದೆ ಎಂದು ಗಂಟಲು ಹರಿಯುವಂತೆ ವಾದ ಮಾಡಿದ್ದೆವು. ಅವರು "ವಿಚಾರ ಮಾಡಿ ಹೇಳ್ತೀನಿ, ಸುಮ್ನಿರ್ರಿ" ಎಂದು ಚಪ್ಪಲಿ ಮೆಟ್ಟಿ ಹೋಗಿದ್ದರು. ತಂದೆಯನ್ನು ಮಣ್ಣು ಮಾಡಿ ಬಂದ ಹೆಣ್ಣುಮಗಳಿಗೆ ಇದನ್ನು ಫೋನಿನಲ್ಲಿ ಹೇಗೆ ಬಿಡಿಸಿ ಹೇಳುವುದು? "ಅಂಗಡಿ ಕೆಲಸದ್ದು ಏನೋ ಇತ್ತು ಬಿಡ್ರಿ ಅಕ್ಕಾ" ಅಂದೆ. ಸುಳ್ಳು ಹೇಳಿದ್ದು ಮನಸ್ಸಿನಲ್ಲಿ ಕುಂತುಬಿಟ್ಟಿದೆ. ಅದಕ್ಕೇ ಈಗ ಖರೇದನ್ನು ಬರೆಯುತ್ತಿದ್ದೇನೆ.

ಅವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಸಂಡೂರು ಕಡೆ ಕೆಲವು ವರ್ಷ, ದರೋಜಿ ಕಡೆ ಕೆಲವು ವರ್ಷ ಸುತ್ತಿ, ಕೊನೆಗೆ ಕಂಪ್ಲಿ ಹತ್ತಿರದ ತಮ್ಮ ಊರು ಎಮ್ಮಿಗನೂರಿಗೆ ಬಂದು ಕೂತಿದ್ದರು. ಡಾಕ್ಟರಿಕೆ ಓದಿದವರಲ್ಲ. ಆದರೆ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡಾದರೆ ಮೊಣಕೈತನಕ ಕೈ ಹಾಕಿ ತಿರುಗಿಸುತ್ತಿದ್ದವರು ಇವರೇ. ಹಾಗಾಗಿ ಜನರ ಬಾಯಲ್ಲಿ ದನದ ಡಾಕ್ಟ್ರು. ನಾವೂ ಹಾಗೇ ಕರೆದೆವು.

ನನ್ನದು ಹೊಸಪೇಟೆಯಲ್ಲಿ ಒಂದು ಝೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ. ಪಿಂಚಣಿ ಕಾಗದ ಝೆರಾಕ್ಸ್ ಮಾಡಿಸಲು ಬಂದವರು ನನ್ನ ಟೇಬಲ್ಲಿನ ಮೇಲೆ ಬಿದ್ದಿದ್ದ ಒಂದು ಹಾಳೆಯನ್ನು ಓದುತ್ತ ನಿಂತುಬಿಟ್ಟರು. ಅದರಲ್ಲಿ ನಾನು ಟೈಪ್ ಮಾಡಿದ್ದು ಇಷ್ಟು: ‘ಕರಡಿ. ಒಡೆಯನ ಆಜ್ಞೆಯಂತೆ ದಾಳಿ ಮಾಡುತ್ತದೆ. ಪಂಜದ ಹೊಡೆತಕ್ಕೆ ಎರಡು ದಾಳ, ಕಡಿತಕ್ಕೆ ಒಂದು.’

"ಇದನ್ನ ಯಾರ್ ಬರದಾರ್ರಿ?"

"ನಾನ ಬರದೀನ್ರಿ."

"ಕರಡಿ ಕಂಡೀರೇನು?"

"ಕಂಡೀನ್ರಿ. ದರೋಜಿ ಕರಡಿಧಾಮದ ಗೋಪುರದ ಮ್ಯಾಲಿಂದ."

"ಅಲ್ಲಿಂದ ಕಾಣೋದು ಕರಡಿ ಬೆನ್ನು. ಕರಡಿ ಅಲ್ಲ." ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. "ಕರಡಿ ಯಾರ ಆಜ್ಞಾನೂ ಕೇಳಂಗಿಲ್ರಿ. ಅದಕ್ಕ ಕಣ್ಣು ಮಂದ, ಮೂಗು ಚುರುಕು. ಗಾಬರಿ ಆತಂದ್ರ ಹತ್ತರ ಯಾರದಾರ ಅವರನ್ನ ಹರೀತೈತಿ. ಒಡೆಯ ಹತ್ತರ ಇದ್ರ ಒಡೆಯನ್ನ. ಇದು ಯಾವ ಇಲಾಖೆ ಸುತ್ತೋಲೆ? ತಿದ್ದಬೇಕಲ್ಲ ಇದನ್ನ."

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಅದು ಸುತ್ತೋಲೆಯಲ್ಲ, ಆಟ. ನಾಲ್ಕಾರು ಜನ ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಕೂತು ಆಡುವ ಆಟ. ಮಣೆಯಿಲ್ಲ, ಕಾಯಿಗಳಿಲ್ಲ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ: ಒಬ್ಬ ಯೋಧ, ಒಬ್ಬ ಮಂತ್ರಗಾರ, ಒಬ್ಬಳು ಬೇಟೆಗಾತಿ. ಅವರು ಏನು ಮಾಡಬೇಕೆಂದು ತಾವೇ ಹೇಳುತ್ತಾರೆ, ಅದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಹಂಪಿಯಲ್ಲಿ ಗೈಡ್ ಆಗಿರುವ ನನ್ನ ಗೆಳೆಯ ವಿರೂಪ ಇದನ್ನು ಪ್ರವಾಸಿಗರ ಜತೆ ಕೂತು ಕಲಿತು ಬಂದ. ನಾವು ಅದಕ್ಕೆ ನಮ್ಮದೇ ರಾಜ್ಯ ಕಟ್ಟಿದೆವು. ಬಂಡೆಗಳು, ಹೊಳೆ, ಹರಿಗೋಲು, ಗವಿಗಳಲ್ಲಿ ರಾಕ್ಷಸರು. ಕಂಪ್ಲಿಯ ಡ್ರಿಲ್ ಮಾಸ್ತರ ಹನುಮಂತ ಸೇರಿದ. ಸಂಡೂರಿನಲ್ಲಿ ಅದಿರು ಪರೀಕ್ಷೆ ಮಾಡುವ ಲ್ಯಾಬಿನ ರೇಣುಕಾ ಸೇರಿದಳು. ಕಥೆ ನಡೆಸುವವನು ನಾನು. ಪ್ರತಿ ಭಾನುವಾರ ಅಂಗಡಿಯ ಶಟರ್ ಅರ್ಧ ಇಳಿಸಿ ಆಡುತ್ತಿದ್ದೆವು. ಈ ಆಟದಲ್ಲಿ ಪಾತ್ರದ ಜತೆ ಒಂದು ಪ್ರಾಣಿಯನ್ನೂ ಸಾಕಿಕೊಳ್ಳಬಹುದು. ಅದು ನಮ್ಮ ಪರವಾಗಿ ಹೊಡೆದಾಡುತ್ತದೆ. ಆ ಹಾಳೆ ಅಂಥ ಪ್ರಾಣಿಗಳ ನಿಯಮದ್ದು.

ಇಷ್ಟನ್ನೂ ಅವರಿಗೆ ಹೇಳಿದೆ. ಆಟ ಎಂದ ಮೇಲೆ ಮುದುಕರು ನಕ್ಕು ಹೋಗುತ್ತಾರೆ ಎಂದುಕೊಂಡಿದ್ದೆ. ಎಲ್ಲ ಕೇಳಿಸಿಕೊಂಡು, "ಭಾನುವಾರ ಬರ್ತೀನಿ. ಕರಡಿ ಸರಿ ಮಾಡಬೇಕು" ಎಂದರು.

ಬಂದರು. ಕರಡಿಯನ್ನು ಸರಿ ಮಾಡಿದರು. ಮೊದಲ ಕಾದಾಟದಲ್ಲೇ ಹನುಮಂತ ಮಾಸ್ತರನ ಕರಡಿ ಮಾಸ್ತರನ ಪಾತ್ರದ ಮೂಗನ್ನೇ ಹರಿಯಿತು. ಮಾಸ್ತರ ಮುಂದೆ ಎಂಟು ವಾರ ಆ ಕರಡಿಯಿಂದ ಇಪ್ಪತ್ತು ಹೆಜ್ಜೆ ದೂರ ನಿಂತೇ ಆಡಿದ.

ಬೇರೆ ಕಡೆ ಆಡುವವರಲ್ಲಿ ಪ್ರಾಣಿ ಆಟಗಾರನ ಸೊತ್ತು. ನಿಮ್ಮ ಸರದಿ ಬಂದಾಗ ನೀವೂ ಹೊಡೆಯುತ್ತೀರಿ, ನಿಮ್ಮ ಪ್ರಾಣಿಯ ಕೈಲೂ ಹೊಡೆಸುತ್ತೀರಿ. ಡಾಕ್ಟ್ರು ಒಪ್ಪಲಿಲ್ಲ. "ಕತ್ತಿ ಬ್ಯಾರೆ, ನಾಯಿ ಬ್ಯಾರೆ. ಬಾಯಿ ಇದ್ದವ್ರು ನಾಕು ಮಂದಿ ಅದೀರಿ. ಬಾಯಿಲ್ಲದ್ದರ ಕಡೆ ಒಬ್ಬ ಇರ್ಲಿ" ಎಂದು ಮೂಲೆಯ ಸ್ಟೂಲನ್ನು ಎಳೆದುಕೊಂಡು ಕೂತರು. ಅಂದಿನಿಂದ ಎಲ್ಲ ಪ್ರಾಣಿಗಳ ದಾಳವೂ ಅವರದೇ. ಸೂಜಿ ಇಡುತ್ತಿದ್ದ ಹಳೆಯ ಸ್ಟೀಲ್ ಡಬ್ಬಿಯಲ್ಲಿ ಆ ದಾಳಗಳನ್ನು ಇಟ್ಟುಕೊಂಡು ಎಮ್ಮಿಗನೂರಿನಿಂದ ಬಸ್ಸು ಹತ್ತಿ ಬರುತ್ತಿದ್ದರು. ಆಟ ಶುರುವಾಗುವ ಮುಂಚೆ ಒಬ್ಬೊಬ್ಬರನ್ನೇ ಕೇಳುವರು: "ನೀರ್ ಕುಡಿಸಿದೇನು? ಮೇವು?" ಕುಡಿಸಿದೆ ಎಂದು ಬಾಯಿಬಿಟ್ಟು ಹೇಳಬೇಕು. ಮರೆತರೆ ಆ ದಿನ ಪ್ರಾಣಿಗೆ ಒಂದು ದಾಳ ಕಡಿಮೆ. ಗಾಯಗೊಂಡ ಎತ್ತು ಗುಣವಾಯಿತೇ ಎಂದು ಕೇಳಿದರೆ, "ಮೇವು ತಿಂದ್ರ ಸಾಲದು. ಮೆಲುಕು ಹಾಕಾಕತ್ತೈತೇನ್ ನೋಡು" ಎನ್ನುವರು. ಮೆಲುಕು ಹಾಕುವತನಕ ಅದು ಕಾಳಗಕ್ಕಿಲ್ಲ.

ಕುದುರೆಯ ಪರವಾಗಿ ದಾಳ ಹಾಕುವ ಮುಂಚೆ ಅಂಗೈ ಎರಡನ್ನೂ ತಿಕ್ಕಿ ಬಿಸಿ ಮಾಡಿಕೊಂಡು ಟೇಬಲ್ಲನ್ನು ಮೆಲ್ಲಗೆ ಎರಡು ಸಲ ತಟ್ಟುತ್ತಿದ್ದರು. ಯಾಕೆಂದು ವಿರೂಪ ಕೇಳಿದ. "ಹಿಂದಿಂದ ಒಮ್ಮೆಲೆ ಕೈ ಹಾಕಿದ್ರ ಒದಿತೈತಪಾ. ನಾ ಬಂದೀನಿ ಅಂತ ಗೊತ್ತಾಗಬೇಕು ಅದಕ್ಕ." ಟೇಬಲ್ಲು ಒದೆಯುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹಟಮಾರಿ ಮನುಷ್ಯ. ವಿರೂಪ ಬೆಂಕಿ ಉಗುಳುವ ಹಾರುವ ಹಲ್ಲಿಯನ್ನು ಸಾಕಬೇಕೆಂದು ಎರಡು ತಿಂಗಳು ಗೋಗರೆದ. "ಮೆಲುಕು ಹಾಕ್ತೈತೇನು ಅದು?" ಎಂದು ಕೇಳಿದರು. ವಿರೂಪನಿಗೆ ಗೊತ್ತಿರಲಿಲ್ಲ. "ಗೊತ್ತು ಮಾಡ್ಕೊಂಡು ಬಾ. ನಾ ಮುಟ್ಟಿ ನೋಡದ ಪ್ರಾಣಿಗೆ ಔಷಧಾನೂ ಇಲ್ಲ, ನಿಯಮಾನೂ ಇಲ್ಲ." ಬೆಕ್ಕನ್ನಂತೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅದರ ಬುದ್ಧಿ ಅದನ್ನು ಹುಟ್ಟಿಸಿದವನಿಗೂ ತಿಳಿಯದು ಎಂಬುದು ಅವರ ತೀರ್ಮಾನ.

ಒಂದು ಸಲ ನಾವೆಲ್ಲರೂ ಸತ್ತೆವು, ಒಂದು ಜೋಡಿ ಎತ್ತಿನಿಂದ. ಗಾಡಿ ಹೂಡಿಕೊಂಡು ರಾಕ್ಷಸರಿಂದ ತಪ್ಪಿಸಿಕೊಳ್ಳಬೇಕು. ಮಾಸ್ತರ ಅವಸರದಲ್ಲಿ, "ಎತ್ತು ಹೂಡಿದೆ, ಹೊಡೆದೆ" ಎಂದ. "ಯಾವುದನ್ನ ಎಡಕ್ಕ ಹೂಡಿದಿ?" ಎಂದರು ಡಾಕ್ಟ್ರು. ಮಾಸ್ತರ ಬಾಯಿಗೆ ಬಂದಂತೆ, "ಬಿಳೇದು" ಎಂದ. ಡಾಕ್ಟ್ರು ತಮ್ಮ ಹಾಳೆ ನೋಡಿ ನಿಟ್ಟುಸಿರು ಬಿಟ್ಟರು. "ಬಿಳೇದು ಬಲಕ್ಕ ರೂಢಿ ಆದದ್ದು. ಎಡಕ್ಕ ಹೂಡಿದ್ರ ಒಂದು ಹೆಜ್ಜೀನೂ ಇಡಂಗಿಲ್ಲ." ಅಲ್ಲೇ ನಮ್ಮ ಕಥೆ ಮುಗಿಯಿತು. ಮಜಾ ಎಂದರೆ ಮಾಸ್ತರನಿಗೆ ಸಿಟ್ಟು ಬರಲಿಲ್ಲ. ತಲೆ ಚಚ್ಚಿಕೊಂಡು, "ನಮ್ಮಪ್ಪ ಇದ್ದಿದ್ರ ಇದಕ್ಕ ಬಾರಕೋಲಿಂದ ಹೊಡೀತಿದ್ದ" ಎಂದ. ಒಕ್ಕಲುತನದ ಮನೆಯವನಿಗೆ ಅದು ಆಟದ ಸೋಲಲ್ಲ, ತನ್ನದೇ ತಪ್ಪು.

ಆದರೆ ಎಲ್ಲ ನಿಯಮಗಳಿಗೂ ಮೇಲಿನ ಒಂದು ನಿಯಮವಿತ್ತು. ನಾವು ಅದನ್ನು ‘ಒಲ್ಲೆ’ ಎಂದು ಕರೆಯುತ್ತಿದ್ದೆವು. ಪ್ರಾಣಿಯ ಜೀವ ಅರ್ಧಕ್ಕಿಂತ ಕೆಳಗಿಳಿದಾಗ ಒಡೆಯ ಅದನ್ನು ಮತ್ತೆ ಕಾಳಗಕ್ಕೆ ಕಳಿಸಿದರೆ, ಡಾಕ್ಟ್ರು ಒಂದು ದಾಳ ಹಾಕುವರು. ಒಂದೋ ಎರಡೋ ಬಿದ್ದರೆ ಪ್ರಾಣಿ ಒಲ್ಲೆ ಎನ್ನುತ್ತದೆ. ಆಮೇಲೆ ವಾದವಿಲ್ಲ, ಬೇಡಿಕೆಯಿಲ್ಲ.

ಜಗಳ ಹುಟ್ಟಿದ್ದು ಇದರಿಂದ. ರೇಣುಕಾಳ ಬೇಟೆಗಾತಿಯ ಜತೆ ಮೋತಿ ಎಂಬ ನಾಯಿ ಇತ್ತು. ಏಳು ತಿಂಗಳು ನಡೆಸಿದ ಕಥೆ ಕೊನೆಗೆ ಒಂದು ಕೋಟೆ ಬಾಗಿಲಿಗೆ ಬಂದು ನಿಂತಿತ್ತು. ಮೋತಿ ಒಂದೇ ಒಂದು ಸುತ್ತು ಬಾಗಿಲನ್ನು ತಡೆದು ನಿಂತರೆ ಗೆಲುವು ನಮ್ಮದು. ಮೋತಿಗೆ ಏಟಾಗಿತ್ತು. ರೇಣುಕಾ, "ಹೋಗು ಮೋತಿ" ಎಂದಳು. ಡಾಕ್ಟ್ರು ದಾಳ ಹಾಕಿದರು. ಎರಡು.

"ಒಲ್ಲೆ ಅಂತೈತವ್ವಾ" ಎಂದರು ಮೆತ್ತಗೆ.

ಸೋತೆವು. ರೇಣುಕಾಳ ಕಣ್ಣು ತುಂಬಿತ್ತು. ಮಾಸ್ತರ ಪೆನ್ಸಿಲ್ ಬಿಸಾಕಿದ. "ಏಳು ತಿಂಗಳು ಆಡೋರು ನಾವು, ಗೆಲ್ಲೋದು ಬಿಡೋದು ಮಾತ್ರ ದನದ ಡಾಕ್ಟ್ರ ಕೈಯಾಗ! ಆಟದಾಗಾದ್ರೂ ಹೇಳಿದ ಮಾತು ಕೇಳೋ ಒಂದು ನಾಯಿ ಇರಬಾರದೇನ್ರಿ?"

ಡಾಕ್ಟ್ರು ದಾಳಗಳನ್ನು ಡಬ್ಬಿಗೆ ಹಾಕಿ ಮುಚ್ಚಿದರು. ನನಗೂ ಒಳಗೊಳಗೆ ಸಿಟ್ಟಿತ್ತು, ಹೇಳಿಬಿಡುತ್ತೇನೆ. ಕಥೆ ನಡೆಸುವವನು ನಾನು, ಕೆಡಿಸುವವರು ಅವರು ಎನಿಸಿತ್ತು.

ಅದೇ ದಿನಗಳಲ್ಲಿ ಬಳ್ಳಾರಿಯ ಕೆಲವು ಹುಡುಗರು ನಮ್ಮ ಆಟದ ಸುದ್ದಿ ಕೇಳಿ, ನಿಯಮಗಳನ್ನು ಪುಸ್ತಕ ಮಾಡಿಕೊಡಿ ಎಂದಿದ್ದರು. ಅಂಗಡಿ ನನ್ನದು, ಕಂಪ್ಯೂಟರ್ ನನ್ನದು. ‘ಒಲ್ಲೆ’ ಇದ್ದ ಪುಟವನ್ನು ತೆಗೆದುಹಾಕಿದೆ. ಆ ಜಾಗದಲ್ಲಿ ಒಂದು ಸಾಲು ಬರೆದೆ: ‘ಸಾಕಿದ ಪ್ರಾಣಿಯು ಒಡೆಯನ ಮೇಲಿನ ಪ್ರೀತಿಗಾಗಿ ಕೊನೆಯುಸಿರಿನವರೆಗೂ ಹೋರಾಡುತ್ತದೆ.’ ಯಾರನ್ನೂ ಕೇಳಲಿಲ್ಲ. ಸಾಲು ಚೆನ್ನಾಗಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಪುಸ್ತಕದ ಮೊದಲ ಪ್ರತಿಯನ್ನು ಡಾಕ್ಟ್ರ ಕೈಗೆ ಕೊಟ್ಟೆ. ಅವರು ಸಾಲಿನ ಕೆಳಗೆ ಬೆರಳಿಟ್ಟು ಓದುವವರು. ಬೆರಳು ಆ ಸಾಲಿಗೆ ಬಂದು ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಬಂತು. ಪುಸ್ತಕ ಮುಚ್ಚಿದರು. ಚೀಲದಿಂದ ದಾಳದ ಡಬ್ಬಿ ತೆಗೆದು ಝೆರಾಕ್ಸ್ ಮೆಷಿನ್ನಿನ ಮೇಲಿಟ್ಟರು.

"ಇನ್ ಮ್ಯಾಲ ನೀವ ನೋಡ್ಕೋರಿ."

ಒಂದು ವರ್ಷದಿಂದ ನನ್ನನ್ನು ತಮ್ಮಾ, ನೀನು ಎನ್ನುತ್ತಿದ್ದವರು ಅವತ್ತು ರೀ ಹಚ್ಚಿ ಮಾತಾಡಿ ಹೋದರು.

ಮೂರು ಭಾನುವಾರ ಬರಲಿಲ್ಲ. ಮೊದಲ ವಾರ ಮಾಸ್ತರ, "ಆರಾಮ ಆತು" ಎಂದ. ಎರಡನೆಯ ವಾರ ಅವನ ಕರಡಿ ಹೇಳಿದಂತೆ ಕೇಳಿತು, ಬರೀ ವೈರಿಯನ್ನೇ ಹರಿಯಿತು. ಯಾರಿಗೂ ರುಚಿಯಾಗಲಿಲ್ಲ. ಮೂರನೆಯ ವಾರ ರೇಣುಕಾ, "ನೀರು ಕುಡಿಸೀರೇನು ಅಂತ ಯಾರೂ ಕೇಳವಲ್ರಲ್ಲ" ಎಂದಳು. ನಾನು ಮಾರನೆಯ ದಿನ ಅಂಗಡಿ ಮುಚ್ಚಿ ಕಂಪ್ಲಿ ಬಸ್ಸು ಹತ್ತಿದೆ.

ಎಮ್ಮಿಗನೂರಿನಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಯಾರದೋ ಎಮ್ಮೆಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕೀಳುತ್ತಿದ್ದರು. "ಬರ್ರಿ, ಕುಂದರ್ರಿ" ಎಂದರು. ಇನ್ನೂ ರೀ. ಮುಳ್ಳು ಕಿತ್ತು ಅರಿಸಿನ ಹಚ್ಚಿ, ಎಮ್ಮೆಯನ್ನು ಅದರ ಒಡತಿಯ ಜತೆ ಕಳಿಸಿ, ಕೈ ತೊಳೆದುಕೊಂಡು ಬಂದು ಎದುರು ಕೂತರು.

"ಒಂದು ಮಾತು ಕೇಳ್ತೀನಿ. ಚೋರನೂರು ಕಡೆ ಒಂದು ಹೊಲದಾಗ ಕಲ್ಲೈತಿ. ಅದರ ಮ್ಯಾಲಿನ ಮಾತು ನಿಮಗ ಯಾರ್ ಹೇಳಿದ್ರು?"

"ಯಾವ ಕಲ್ಲು ಡಾಕ್ಟ್ರ? ನಾ ಚೋರನೂರಾಗ ಇಳದೂ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಹೇಳತೊಡಗಿದರು. ಅವರು ಆ ಕಡೆ ಕೆಲಸದಲ್ಲಿದ್ದಾಗಿನ ಮಾತು. ಎತ್ತಿನ ಜೋಡಿಗಳಿಂದ ಭಾರದ ಬಂಡೆ ಎಳೆಸುವ ಪಂದ್ಯ. ಅಲ್ಲೊಬ್ಬ ಗೌಡರದು ಹೆಸರಾದ ಜೋಡಿ. ಪಂದ್ಯದ ದಿನ ಬಲಗಡೆಯ ಎತ್ತು ಕುಂಟುತ್ತಿತ್ತು.

"ಮುಂಜಾನಿಂದ ಮೂರು ಸಲ ಒಲ್ಲೆ ಅಂತು ತಮ್ಮಾ ಅದು. ನೊಗಕ್ಕ ಹೆಗಲು ಕೊಡಲಿಲ್ಲ. ಒಮ್ಮೆ ಹಿಂದ ಸರೀತು. ಒಮ್ಮೆ ನೆಲಕ್ಕ ಕುಂತ ಬಿಡ್ತು. ನಾ ಕಣ್ಣಾರೆ ನೋಡೀನಿ. ಗೌಡ್ರು, ಡಾಕ್ಟ್ರ ಏನರ ಮಾಡ್ರಿ, ಊರ ಮರ್ಯಾದಿ ಅಂದ್ರು. ನಾ ಸೂಜಿ ಮಾಡಿದೆ. ನೋವು ಗೊತ್ತಾಗದಂಥ ಸೂಜಿ. ಎದ್ದು ನಿಂತು ಎಳೀತು. ಹೆಂಗ ಎಳೀತಂತಿ! ಅರ್ಧ ದಾರಿಗೆ ಕಾಲು ಲಟ್ ಅಂತು. ಮುರದ ಕಾಲಿಲೇ ಮತ್ತ ನಾಕು ಹೆಜ್ಜಿ ಹೋತು. ಅದಕ್ಕ ಗೊತ್ತಾಗಲಿಲ್ಲಲ್ಲ ಕಾಲು ಮುರದದ್ದು." ಕನ್ನಡಕ ತೆಗೆದು ಒರೆಸುತ್ತ, "ನೋವ ಗೊತ್ತಾಗಲಿಲ್ಲಂದ್ರ ಒಲ್ಲೆ ಅನ್ನೋದರ ಹೆಂಗ ಅಂತೈತಿ? ಅದರ ಬಾಯಾಗಿನ ಮಾತು ಕಸಕೊಂಡವ ನಾ" ಎಂದರು.

ಎತ್ತು ಅವತ್ತೇ ಸತ್ತಿತು. ಜನ ಕಣ್ಣೀರು ಹಾಕಿದರು. ಕಾಲು ಮುರಿದರೂ ಒಡೆಯನ ಮರ್ಯಾದೆಗಾಗಿ ಎಳೆಯಿತಲ್ಲ ಎಂದು ಕೊಂಡಾಡಿದರು. ಗೌಡರು ಮಕ್ಕಳಂತೆ ಅತ್ತರು. ಹಲಗೆ ಬಾರಿಸಿ, ಹೂವು ಹಾಕಿ ಹೊಲದಲ್ಲಿ ಮಣ್ಣು ಮಾಡಿಸಿದರು. ಮೇಲೆ ಕಲ್ಲು ನಿಲ್ಲಿಸಿ ‘ಒಡೆಯನ ಪ್ರೀತಿಗಾಗಿ ಪ್ರಾಣ ಬಿಟ್ಟ ಬಸವ’ ಎಂದು ಕೆತ್ತಿಸಿದರು. ಇವರು ಸೂಜಿಯ ಮಾತನ್ನು ಯಾರಿಗೂ ಹೇಳಲಿಲ್ಲ. ಗೌಡರೂ ಹೇಳಲಿಲ್ಲ. ಇವರು ವರ್ಗ ಮಾಡಿಸಿಕೊಂಡು ಬಂದುಬಿಟ್ಟರು.

ಅಂಥ ಮನುಷ್ಯನ ಕೈಗೆ ನಾನು ಅದೇ ಮಾತನ್ನು ಅಚ್ಚು ಹಾಕಿ ಕೊಟ್ಟಿದ್ದೆ. ನನಗೆ ತಲೆ ಎತ್ತಲಾಗಲಿಲ್ಲ. ಪುಸ್ತಕದ ಪ್ರತಿಗಳನ್ನೆಲ್ಲ ವಾಪಸು ತರಿಸುತ್ತೇನೆ, ‘ಒಲ್ಲೆ’ಯನ್ನು ಚೀಟಿಯಲ್ಲಿ ಅಚ್ಚು ಮಾಡಿ ಆ ಸಾಲಿನ ಮೇಲೆ ಅಂಟಿಸುತ್ತೇನೆ ಎಂದೆ.

"ನಿಯಮ ಇಡು, ಬಿಡು. ಆಟ ನಿಂದು. ಪ್ರಾಣಿ ಸಾಯಬಾರದು ಅಂತ ನಾ ಅನ್ನಂಗಿಲ್ಲ. ಸಾಯ್ತಾವ. ಆದ್ರ ಪ್ರೀತಿಗೆ ಸತ್ತಿತು ಅಂತ ಮಾತ್ರ ಬರೀಬ್ಯಾಡ. ಕಳಿಸಿದವ, ನಾ ಕಳಿಸಿದೆ, ಸತ್ತಿತು ಅನ್ನಲಿ. ಅಷ್ಟ ಸಾಕು."

ಆ ವಾರವೆಲ್ಲ ನಾನೂ ರೇಣುಕಾಳೂ ಕೂತು ಚೀಟಿ ಅಂಟಿಸಿದೆವು. ಅವರ ಮಾತನ್ನೂ ಅದರಲ್ಲಿ ಸೇರಿಸಿದ್ದೆ: ‘ಪ್ರಾಣಿ ಸತ್ತರೆ ಅದನ್ನು ಕಳಿಸಿದವರು ಎಲ್ಲರೆದುರು ನಾನು ಕಳಿಸಿದೆ ಎಂದು ಹೇಳಬೇಕು.’ ಮಾಸ್ತರನಿಗೆ ಎತ್ತಿನ ಕಥೆ ಹೇಳಲಿಲ್ಲ. ಅದು ನನ್ನ ಬಾಯಿಂದ ಬರಬೇಕಾದದ್ದಲ್ಲ. ಆದರೂ ಚೀಟಿ ಓದಿ ಅವನು, "ಭಾನುವಾರ ಅವರನ್ನ ನಾನ ಕರಕೊಂಡ ಬರ್ತೀನಿ" ಎಂದ. ಬೈಕಿನ ಹಿಂದೆ ಕೂರಿಸಿಕೊಂಡು ಕರೆತಂದ.

ಹೊಸ ಕಥೆ ಶುರುವಾಗಿತ್ತು. ಕೆಲವು ವಾರಗಳಲ್ಲಿ ಮತ್ತೆ ಒಂದು ಇಕ್ಕಟ್ಟು ಬಂತು. ಹೊಳೆಯ ದಡದಲ್ಲಿ ಹರಿಗೋಲು ನಿಂತಿದೆ, ವೈರಿಗಳು ಬೆನ್ನು ಹತ್ತಿದ್ದಾರೆ, ಯಾರಾದರೂ ಬಂಡೆಯ ಸಂದಿಯಲ್ಲಿ ಅವರನ್ನು ತಡೆದರೆ ಉಳಿದವರು ದಾಟುತ್ತಾರೆ. ಮೋತಿಯ ಜೀವ ಅರ್ಧಕ್ಕಿಂತ ಕೆಳಗಿತ್ತು. ಎಲ್ಲರೂ ರೇಣುಕಾಳನ್ನು ನೋಡಿದೆವು. ಅವಳು ಬಹಳ ಹೊತ್ತು ತನ್ನ ಹಾಳೆ ನೋಡುತ್ತ ಕೂತು, "ಹೋಗು ಮೋತಿ" ಎಂದಳು.

ಡಾಕ್ಟ್ರು ದಾಳ ಹಾಕಲಿಲ್ಲ. ಅವಳ ಮುಂದೆ ಹಿಡಿದರು. "ನೀನ ಹಾಕವ್ವಾ."

ಐದು ಬಿತ್ತು. ಮೋತಿ ಹೋಯಿತು. ತಡೆಯಿತು. ನಾವೆಲ್ಲ ದಾಟಿದೆವು. ಮೋತಿ ಸತ್ತಿತು. ಗೆದ್ದಿದ್ದೆವು, ಆದರೂ ಮಾಸ್ತರ ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟ. ರೇಣುಕಾ ತಲೆ ತಗ್ಗಿಸಿ, "ನಮ್ಮನ್ನ ಉಳಿಸಾಕ…" ಎಂದು ಶುರು ಮಾಡಿ ನಿಲ್ಲಿಸಿದಳು. ಆಮೇಲೆ ತಲೆಯೆತ್ತಿ, "ನಾ ಕಳಿಸಿದೆ" ಎಂದಳು.

ಬರೀ ಎರಡು ಮಾತು, ಅದೂ ಕಾಗದದ ನಾಯಿಯ ಬಗ್ಗೆ. ಡಾಕ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟರು. ಅವತ್ತು ಚಹಾ ಕೂಡ ಕುಡಿಯದೆ ಹೋದರು.

ಮರುದಿನ ಅಂಗಡಿ ತೆಗೆಯುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಕಿಸೆಯಿಂದ ಒಂದು ಚೀಟಿ ತೆಗೆದು, "ಇದನ್ನ ದೊಡ್ಡ ಅಕ್ಷರದಾಗ ಹೊಡಿ ತಮ್ಮಾ. ಮಳಿಗೆ ಹಾಳಾಗದಂಗ ಲ್ಯಾಮಿನೇಷನ್ ಮಾಡು" ಎಂದರು. ಚೀಟಿಯಲ್ಲಿ ಹೀಗಿತ್ತು: ‘ಈ ಎತ್ತು ಒಲ್ಲೆ ಅಂದಿತ್ತು. ನೋವು ಗೊತ್ತಾಗದಂತೆ ಸೂಜಿ ಮಾಡಿದವ ನಾನು.’ ಕೆಳಗೆ ಅವರ ಹೆಸರು, ಊರು.

"ಎಲ್ಲಿಗೆ ಡಾಕ್ಟ್ರ?" ಎಂದು ಕೇಳುವ ಅಗತ್ಯವಿರಲಿಲ್ಲ. ಕೇಳಲೂ ಇಲ್ಲ. ನನ್ನ ಗಾಡಿಯಲ್ಲೇ ಹೋಗೋಣ ಎಂದೆ. ಸಂಡೂರು ದಾಟುವತನಕ ಅದಿರಿನ ಲಾರಿಗಳ ಕೆಂಪು ಧೂಳು, ಆಮೇಲೆ ಜೋಳದ ಹೊಲ. ದಾರಿಯುದ್ದಕ್ಕೂ ಅವರು ಹಾಳೆಯನ್ನು ಎದೆಗೆ ಒತ್ತಿ ಹಿಡಿದಿದ್ದರು.

ಕಲ್ಲು ಒಂದು ಬೇವಿನ ಮರದ ಕೆಳಗಿತ್ತು. ಯಾರೋ ಈಗಲೂ ಕುಂಕುಮ ಹಚ್ಚುತ್ತಿದ್ದರು. ಡಾಕ್ಟ್ರು ತಂದಿದ್ದ ತಂತಿಯನ್ನು ಕಲ್ಲಿಗೆ ಸುತ್ತಲು ನೋಡಿದರು. ತಂತಿ ಜಾರಿತು. ನಾನು ಕಟ್ಟಿಕೊಡಲು ಹೋದರೆ ಬ್ಯಾಡ ಎಂದರು. ಅಷ್ಟರಲ್ಲಿ ಹೊಲದ ಆಚೆಯಿಂದ ಕೋಲೂರಿಕೊಂಡು ಒಬ್ಬ ಮುದುಕರು ಬಂದರು. ಡಾಕ್ಟ್ರ ಮುಖ ನೋಡಿ ನಿಂತರು.

"ಡಾಕ್ಟ್ರಲ್ಲೇನು?"

"ಹೌದ್ರಿ ಗೌಡ್ರ."

"ಭಾಳ ವರ್ಷ ಆತು." ಗೌಡರ ಕಣ್ಣು ಹಾಳೆಯ ಕಡೆ ಹೋಯಿತು. "ಏನದು? ನನಗ ಅಕ್ಷರ ಕಾಣಂಗಿಲ್ಲ. ಓದಪಾ ನೀನು" ಎಂದು ನನಗೆ ಹೇಳಿದರು.

ನಾನು ಡಾಕ್ಟ್ರನ್ನು ನೋಡಿದೆ. ಅವರು ಓದು ಎಂಬಂತೆ ತಲೆಯಾಡಿಸಿದರು. ಊರಿನ ಗೌಡ, ಅವರದೇ ಹೊಲ, ಅವರು ಪೂಜೆ ಮಾಡುವ ಕಲ್ಲು. ಹೊಡೆದಾಟವೇ ಆದೀತು ಎಂದು ಹೆದರಿ ಗಾಡಿಯ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓದಿದೆ.

ಗೌಡರು ಕೋಲಿನ ಮೇಲೆ ಎರಡೂ ಕೈಯಿಟ್ಟು ಕಲ್ಲನ್ನು ನೋಡುತ್ತ ನಿಂತರು.

"ಇನ್ನೊಮ್ಮೆ ಓದು."

ಓದಿದೆ.

"ಸೂಜಿ ಮಾಡಿದವನ ಹೆಸರೈತಿ" ಎಂದರು ಗೌಡರು. "ಹೂಡಿದವಂದು ಎಲ್ಲೈತಿ?"

"ಅದು ನಿಮ್ಮದ್ರಿ ಗೌಡ್ರ. ನಾ ಹೆಂಗ ಬರೀಲಿ?" ಎಂದರು ಡಾಕ್ಟ್ರು.

"ಬರೀರಿ ಅಂತ ನಾನ ಹೇಳಾಕತ್ತೀನಲ್ಲ."

ಡಾಕ್ಟ್ರು ಹಾಳೆಯನ್ನು ನನ್ನ ಕಡೆ ಚಾಚಿದರು. ನನ್ನ ಚೀಲದಲ್ಲಿ ಮಾರ್ಕರ್ ಪೆನ್ನಿತ್ತು. ಹಾಳೆಯನ್ನು ಗಾಡಿಯ ಸೀಟಿನ ಮೇಲಿಟ್ಟು, ‘ಒಲ್ಲೆ ಅಂದರೂ ಹೂಡಿದವ ನಾನು’ ಎಂದು ಬರೆದೆ. ಮುಂದೆ ಏನು ಬರೆಯಲಿ ಎಂದು ಗೌಡರ ಮುಖ ನೋಡಿದೆ. ಅವರು ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಅಪ್ಪನ ಹೆಸರು ಸೇರಿಸಿ, ತಮ್ಮ ಹೆಸರನ್ನು ಪೂರ್ತಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.